ಬಾಕಿಮಾರಿನ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ

ಮಣಿಪಾಲದಲ್ಲಿ ನಾನು ಟೈಪಿಸ್ಟ್ ಆಗಿದ್ದ ಕಚೇರಿಯ ಕೆಳಗಿನ ಮಹಡಿಯಲ್ಲಿ ಎಸಿ ಹಾಕಿದ ಒಂದು ಸಭಾಂಗಣ ಇತ್ತು. ಬೇಸಿಗೆಯಲ್ಲಿ ಅಲ್ಲಿ ಯಾರು ಏನು ಭಾಷಣ ಮಾಡಿದರೂ ನಾವು ನಾಲ್ಕೈದು ಹೆಂಗಸರು ಹೋಗಿ ಹಿಂದಿನ ಸಾಲಿನಲ್ಲಿ ಕುಳಿತುಬಿಡುತ್ತಿದ್ದೆವು. ಜ್ಞಾನಕ್ಕೆ ಜ್ಞಾನ, ತಂಪಿಗೆ ತಂಪು, ಕೊನೆಯಲ್ಲಿ ಚಹಾದ ಜೊತೆ ಗೋಳಿಬಜೆ. ಹೀಗೆ ಒಂದು ದಿನ ದೂರದಿಂದ ಬಂದ ಪ್ರಾಧ್ಯಾಪಕರೊಬ್ಬರು ಭೂಸುಧಾರಣೆಯ ಬಗ್ಗೆ ಮಾತಾಡಿದರು. ಉಳುವವನ ಕೈಗೆ ಭೂಮಿ ಬಂದರೆ, ಹಳ್ಳಿಗೆ ರಸ್ತೆ, ನೀರು, ಕರೆಂಟು ಬಂದರೆ, ಅಲ್ಲಿ ಶಾಂತಿ ತಾನಾಗಿ ನೆಲೆಸುತ್ತದೆ ಎಂದರು. ಪರದೆಯ ಮೇಲೆ ಚಿತ್ರ ಹಾಕಿ ತೋರಿಸಿದರು. ಈ ಕಡೆಯ ಚೌಕದಲ್ಲಿ ಭೂಮಿ, ಆ ಕಡೆಯ ಚೌಕದಲ್ಲಿ ಶಾಂತಿ, ನಡುವೆ ನೆಟ್ಟಗಿನ ಒಂದು ಬಾಣ. ನನಗೆ ನಗು ತಡೆಯಲಿಲ್ಲ. ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ಕೆಮ್ಮು ಬಂದವಳ ಹಾಗೆ ಸೆರಗನ್ನು ಬಾಯಿಗೆ ಹಿಡಿದುಕೊಂಡು ಎದ್ದು ಹೊರಗೆ ಬಂದೆ. ಆ ದಿನದ ಗೋಳಿಬಜೆ ತಪ್ಪಿತು.

ಆ ಮನುಷ್ಯ ಹೇಳಿದ್ದು ಸುಳ್ಳು ಅಂತ ನಾನು ನಕ್ಕದ್ದಲ್ಲ. ಆ ಬಾಣ ನೋಡಿ ನಕ್ಕದ್ದು. ನಮ್ಮ ಮನೆಗೆ ಭೂಮಿ ಬಂದದ್ದು ನಾನು ಹುಟ್ಟುವುದಕ್ಕೆ ಸ್ವಲ್ಪ ಮೊದಲು. ಶಾಂತಿ ಬಂದದ್ದು ನನಗೆ ಮದುವೆಗೆ ಗಂಡು ನೋಡುವ ಹೊತ್ತಿಗೆ. ನಡುವಿನ ಇಪ್ಪತ್ತು ಚಿಲ್ಲರೆ ವರ್ಷ ಅದು ಎಲ್ಲೆಲ್ಲಿ ಸುತ್ತಿತು ಅಂತ ಆ ಬಾಣಕ್ಕೆ ಗೊತ್ತೇ ಇರಲಿಲ್ಲ.

ನಮ್ಮ ಊರು ಕಾರ್ಕಳದಿಂದ ನಿಟ್ಟೆಯ ಕಡೆಗೆ ಹೋಗುವಾಗ ಬಸ್ಸಿಳಿದು ಒಳಗೆ ನಡೆಯಬೇಕಾದ ಊರು. ಒಂದು ದೊಡ್ಡ ಗದ್ದೆ, ಗದ್ದೆಯ ಈ ಅಂಚಿಗೆ ನಮ್ಮ ಮನೆ, ಆ ಅಂಚಿಗೆ ಧಣಿಗಳ ಮನೆ. ನಮ್ಮ ಮನೆ ಮಾರ್ಗದ ಬದಿಯಲ್ಲಿ. ಧಣಿಗಳ ಮನೆಯ ಹಿಂದೆ ಗುಡ್ಡ, ಗುಡ್ಡದ ಬುಡದಲ್ಲಿ ಸರಕಾರ ಐದೈದು ಸೆಂಟ್ಸ್ ಜಾಗ ಕೊಟ್ಟು ಕೂರಿಸಿದ ಎಂಟೊಂಬತ್ತು ಮನೆಗಳು. ನಮ್ಮ ಕಡೆ ದೊಡ್ಡ ಮನೆಯ ಎದುರಿಗೇ ಇರುವ ಒಳ್ಳೆಯ ಗದ್ದೆಗೆ ಬಾಕಿಮಾರು ಎನ್ನುತ್ತಾರೆ. ಮನೆಯ ಗತ್ತೆಲ್ಲ ಆ ಗದ್ದೆಯಲ್ಲಿಯೇ ಇರುವುದು. ಈ ಬಾಕಿಮಾರನ್ನು ನನ್ನ ಅಜ್ಜ ಧಣಿಗಳಿಂದ ಗೇಣಿಗೆ ಮಾಡುತ್ತಿದ್ದದ್ದು. ಬೆಳೆದದ್ದರಲ್ಲಿ ಹೆಚ್ಚಿನ ಪಾಲು ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಮುಡಿಯಾಗಿ ಅಜ್ಜನ ತಲೆಯ ಮೇಲೆ ಕುಳಿತು ಅದೇ ಗದ್ದೆಯನ್ನು ದಾಟಿ ಧಣಿಗಳ ಚಾವಡಿಗೆ ಹೋಗುತ್ತಿತ್ತು.

ಎಪ್ಪತ್ತರ ದಶಕದಲ್ಲಿ ಕಾನೂನು ಬಂತು. ಉಳುವವನು ಅರ್ಜಿ ಕೊಟ್ಟರೆ ಗದ್ದೆ ಅವನದ್ದೇ. ನಮ್ಮಲ್ಲಿ ಅದಕ್ಕೆ ಡಿಕ್ಲರೇಶನ್ ಕೊಡುವುದು ಅಂತಲೇ ಹೇಳುವುದು. ಅಜ್ಜ ಹೆದರಿ ಹೆದರಿ ಸಾಯುತ್ತಿದ್ದ. ಅಜ್ಜಿ ಅವನನ್ನು ಹಿಂದಿನಿಂದ ನೂಕಿ ಕಾರ್ಕಳಕ್ಕೆ ಕಳಿಸಿದಳು ಎಂಬುದು ನಮ್ಮ ಮನೆಯ ಇತಿಹಾಸ. ಲ್ಯಾಂಡ್ ಟ್ರಿಬ್ಯೂನಲಿನಲ್ಲಿ ವಿಚಾರಣೆ ನಡೆದು ಗದ್ದೆ ಅಜ್ಜನ ಹೆಸರಿಗಾಯಿತು. ಊರಿನಲ್ಲಿ ತುಂಬ ಜನರಿಗೆ ಹಾಗೆ ಆಯಿತು. ಧಣಿಗಳು ಅದನ್ನೆಲ್ಲ ಹೇಗೋ ನುಂಗಿಕೊಂಡರು. ಆದರೆ ಬಾಕಿಮಾರು ಹೋದದ್ದನ್ನು ಮಾತ್ರ ನುಂಗಲಿಕ್ಕಾಗಲಿಲ್ಲ. ಅವರ ಸಂಕಟವೂ ಸುಳ್ಳಲ್ಲ. ಬೆಳಗ್ಗೆ ಎದ್ದು ಮುಂಬಾಗಿಲು ತೆರೆದರೆ ಎದುರಿಗೆ ಕಾಣುವುದು ಬೇರೆಯವರ ಪೈರು. ಅವರು ದೈವದ ಎದುರು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟರು: "ಆ ಗದ್ದೆಯ ಮಣ್ಣು ಇನ್ನು ನನ್ನ ಅಂಗಾಲಿಗೆ ತಾಗುವುದಿಲ್ಲ."

ಕೋಪದಲ್ಲಿ ಜನ ಏನೇನೋ ಹೇಳುತ್ತಾರೆ, ನಾಲ್ಕು ದಿನ ಕಳೆದ ಮೇಲೆ ಮರೆಯುತ್ತಾರೆ. ಆದರೆ ನಮ್ಮ ಊರಿನಲ್ಲಿ ದೈವದ ಎದುರು ಹೇಳಿದ ಮಾತನ್ನು ಮರೆಯುವ ಧೈರ್ಯ ಯಾರಿಗೂ ಇಲ್ಲ. ಹಾಗಾಗಿ ಧಣಿಗಳು ಬಸ್ಸಿಗೆ ಹೋಗಬೇಕಾದರೂ ಮದುವೆಗೆ ಹೋಗಬೇಕಾದರೂ ಮನೆಯ ಹಿಂದಿನ ಗುಡ್ಡ ಹತ್ತಿ, ಆಚೆ ಇಳಿದು, ತೋಡಿನ ನೀರಿನ ಮೇಲೆ ಹಾಕಿದ ಮರದ ಸಂಕ ದಾಟಿ, ಬೆವರಿಳಿಸುತ್ತ ಮಾರ್ಗಕ್ಕೆ ಬರುತ್ತಿದ್ದರು. ಗದ್ದೆಯ ಅಂಚಿನಲ್ಲಿ ಬಂದಿದ್ದರೆ ವೀಳ್ಯ ಅಗಿದು ಮುಗಿಯುವುದರೊಳಗೆ ಬಸ್‌ಸ್ಟಾಪಿನಲ್ಲಿ ಇರಬಹುದಿತ್ತು. ಅವರ ಮನೆಯ ಉಳಿದವರೆಲ್ಲ ಹಾಗೆಯೇ ಬರುತ್ತಿದ್ದರು. ಅವರ ಹೆಂಡತಿ, ಮಗ, ಸೊಸೆ, ಮೊಮ್ಮಕ್ಕಳು, ಕೆಲಸದವರು, ನಾಯಿ, ಎಲ್ಲರೂ ನಮ್ಮ ಗದ್ದೆಯ ಅಂಚಿನಲ್ಲೇ ನಡೆದುಹೋಗುವವರು. ಮೊಮ್ಮಕ್ಕಳಿಗೆ ಅಜ್ಜಿ ಎಳೆಯ ಸೌತೆಕಾಯಿ ಕೊಯ್ದು ಕೊಡುತ್ತಿದ್ದಳು. ಧಣಿಗಳ ಹೆಂಡತಿ ಅಂಚಿನಲ್ಲಿ ನಿಂತು ಗಂಡನ ಮೇಲೆ ಚಾಡಿ ಹೇಳುತ್ತಿದ್ದರು, ಅಜ್ಜಿ ನಾಟಿ ಮಾಡುತ್ತಲೇ ಕೇಳಿಸಿಕೊಳ್ಳುತ್ತಿದ್ದಳು. ಯುದ್ಧ ಇದ್ದದ್ದು ಧಣಿಗಳಿಗೂ ಅಜ್ಜಿಗೂ ಮಾತ್ರ.

ಅಜ್ಜ ಬೇಗ ತೀರಿಕೊಂಡ. ಯುದ್ಧದ ಪೂರ್ತಿ ಜವಾಬ್ದಾರಿ ಅಜ್ಜಿಯ ತಲೆಗೆ ಬಂತು. ಅವಳು ಅದನ್ನು ಸಂತೋಷದಿಂದ ಹೊತ್ತುಕೊಂಡಳು ಎಂದೇ ಹೇಳಬೇಕು. ಹಕ್ಕಿ ಓಡಿಸುವುದಕ್ಕೆ ಗದ್ದೆಯ ನಡುವೆ ಬೆರ್ಚಪ್ಪನನ್ನು ನಿಲ್ಲಿಸುತ್ತಾರಲ್ಲ, ನಮ್ಮ ಬೆರ್ಚಪ್ಪನಿಗೆ ಅಜ್ಜಿ ಬಿಳಿ ಪಂಚೆ ಉಡಿಸಿ ಹೆಗಲಿಗೆ ಜರಿಯಂಚಿನ ಹಳೆಯ ಶಲ್ಯ ಹಾಕುತ್ತಿದ್ದಳು. ದೂರದಿಂದ ನೋಡಿದರೆ ಥೇಟ್ ಧಣಿಗಳೇ. ಮುಖ ಅವರ ಮನೆಯ ಕಡೆಗೆ. ಅದಕ್ಕೆ ಉತ್ತರವಾಗಿ ಧಣಿಗಳು ತಮ್ಮ ಅಂಗಳದ ಹಲಸಿನ ಮರಕ್ಕೆ ಹರಿದ ಒಂದು ಚಪ್ಪಲಿ ನೇತುಹಾಕಿಸಿದರು, ನಮ್ಮ ಜಗಲಿಗೆ ನೇರ ಕಾಣುವ ಹಾಗೆ. ಹಲಸಿಗೆ ದೃಷ್ಟಿಯಾಗದಿರಲಿ ಅಂತ ಕಟ್ಟಿದ್ದು ಎಂದು ಅವರು ಹೇಳಿಕೊಂಡು ತಿರುಗಿದರು. ಅಜ್ಜಿ ಆ ವರ್ಷವಿಡೀ ಆ ಮರಕ್ಕೆ ದಿನಾ ಕೈಮುಗಿದಳು. ಯಾರಾದರೂ ಕೇಳಿದರೆ, "ಧಣಿಗಳ ಪಾದುಕೆ ಅಲ್ವಾ, ನಮಸ್ಕಾರ ಮಾಡದೆ ಇರಲಿಕ್ಕಾಗುತ್ತದಾ?" ಎನ್ನುತ್ತಿದ್ದಳು. ಒಂದು ದಿನ ಚಪ್ಪಲಿ ಮಾಯವಾಯಿತು.

ಇದೆಲ್ಲ ತಮಾಷೆಯಾಗಿ ಕಾಣುತ್ತದೆ, ತಮಾಷೆಯೇ. ಆದರೆ ಒಂದು ಮಾತು ಅಜ್ಜಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಮದುವೆ ಮನೆಯಲ್ಲಿ, ಸೊಸೈಟಿಯಲ್ಲಿ, ಎಲ್ಲಿಯೇ ಆಗಲಿ ಧಣಿಗಳು ಆ ಗದ್ದೆಯ ಸುದ್ದಿ ಎತ್ತಿದರೆ "ನಮ್ಮ ಬಾಕಿಮಾರು" ಎಂದೇ ಹೇಳುವುದು. ನಮ್ಮ ಬಾಕಿಮಾರಿನಲ್ಲಿ ಈ ಸಲ ಪೈರು ಚೆನ್ನಾಗಿಲ್ಲ. ನಮ್ಮ ಬಾಕಿಮಾರನ್ನು ಕಿತ್ತುಕೊಂಡವರಿಗೆ ಬೇಸಾಯ ಗೊತ್ತಿಲ್ಲ. ಗದ್ದೆಗೆ ಗೊಬ್ಬರ ಹಾಕುವುದು ನಾವು, ಕಂದಾಯ ಕಟ್ಟುವುದು ನಾವು, ಆದರೂ ಊರಿನ ಬಾಯಲ್ಲಿ ನಾವು ಕಿತ್ತುಕೊಂಡವರು. ಅಜ್ಜಿ ಅದನ್ನು ಕೇಳಿದ ದಿನ ಊಟದ ಬಟ್ಟಲನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು. ಮನಸ್ಸಿನೊಳಗೆ ಅವಳಿಗೂ ಹೆದರಿಕೆ ಇತ್ತು ಅಂತ ನನಗೆ ಈಗ ಅನಿಸುತ್ತದೆ. ಒಂದು ಕಾನೂನು ಕೊಟ್ಟದ್ದನ್ನು ಇನ್ನೊಂದು ಕಾನೂನು ಹಿಂದಕ್ಕೆ ತೆಗೆದುಕೊಂಡರೆ?

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಮ್ಮ ಊರಿಗೆ ಯಾವುದೋ ಯೋಜನೆಯಲ್ಲಿ ರಸ್ತೆ ಬಂತು. ಬಂತು ಎಂದರೆ ಕಾಗದದಲ್ಲಿ ಬಂತು. ಮಾರ್ಗದಿಂದ ಹೊರಟು ಧಣಿಗಳ ಮನೆಯ ಎದುರಿನಿಂದ ಹೋಗಿ ಗುಡ್ಡದ ಬುಡದ ಮನೆಗಳಿಗೆ ಮುಟ್ಟಬೇಕು. ಮುಟ್ಟಬೇಕಾದರೆ ನಮ್ಮ ಬಾಕಿಮಾರನ್ನು ಸೀಳಿಯೇ ಹೋಗಬೇಕು, ಬೇರೆ ದಾರಿ ಇಲ್ಲ. ನಮ್ಮ ವಾರ್ಡಿನ ಪಂಚಾಯತ್ ಮೆಂಬರು ಒಂದು ಬೆಳಗ್ಗೆ ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ನಮ್ಮ ಜಗಲಿಗೆ ಬಂದು ಕುಳಿತರು. ಮಾರ್ಚ್ ಮುಗಿಯುವುದರೊಳಗೆ ಜಾಗ ಬಿಟ್ಟುಕೊಡದಿದ್ದರೆ ಬಂದ ಅನುದಾನ ವಾಪಸ್ ಹೋಗುತ್ತದೆ ಎಂದರು.

ಇಲ್ಲಿ ಒಂದು ವಿಷಯ ಹೇಳಬೇಕು. ಆ ಹೊತ್ತಿಗೆ ಧಣಿಗಳ ಮೊಣಕಾಲು ಎರಡೂ ಕೈಕೊಟ್ಟಿದ್ದವು. ಗುಡ್ಡ ಹತ್ತಲಿಕ್ಕಾಗುವುದಿಲ್ಲ, ಗದ್ದೆಗೆ ಇಳಿಯುವ ಹಾಗಿಲ್ಲ. ಒಂದು ವರ್ಷದಿಂದ ಅವರು ಮನೆ ಬಿಟ್ಟು ಹೊರಗೆ ಬಂದಿರಲಿಲ್ಲ. ಕ್ಷೌರಕ್ಕೂ ಜನ ಮನೆಗೇ ಬರಬೇಕು. ಮಣಿಪಾಲದ ಆಸ್ಪತ್ರೆಗೆ ಹೋಗಿ ತೋರಿಸಿ ಅಂತ ಮಗ ಎಷ್ಟು ಹೇಳಿದರೂ, ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತುಕೊಂಡು ಗುಡ್ಡ ಹತ್ತುವುದು ಹೆಣಕ್ಕೆ ಸರಿ, ನನಗಲ್ಲ ಎಂದು ಹಟ ಹಿಡಿದಿದ್ದರು. ರಸ್ತೆ ಬಂದರೆ ಕಾರು ಅಂಗಳಕ್ಕೇ ಬರುತ್ತದೆ. ರಸ್ತೆ ಬಾರದಿದ್ದರೆ ಅವರು ಆ ಚಾವಡಿಯಲ್ಲಿ ಕುಳಿತಲ್ಲೇ ಕುಳಿತಿರಬೇಕು.

ಅಜ್ಜಿ ಮೆಂಬರಿಗೆ ಚಹಾ ಕೊಡಿಸಿದಳು. ಎಲ್ಲ ಕೇಳಿದಳು. ನಮ್ಮ ಮನೆಯ ಮಾತೆಲ್ಲ ತುಳುವಿನಲ್ಲಿ. ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ರಸ್ತೆ ಯಾರಿಗೆ ಬೇಕು?" ಎಂದಳು.

"ಊರಿಗೆ ಬೇಕು, ಅಜ್ಜಿ."

"ಊರು ಬಂದು ಕೇಳಿ ಆಯಿತು. ನೀವು ಬಂದಿರಲ್ಲ. ಇನ್ನು ಧಣಿಗಳು ಬಂದು ಕೇಳಲಿ."

"ಅವರು ಬರುವುದು ಹೇಗೆ ಮಾರಾಯ್ರೆ? ಕಾಲು ನೋವು. ಮೇಲೆ ಆ ಪ್ರತಿಜ್ಞೆ ಬೇರೆ ಉಂಟು."

"ಪ್ರತಿಜ್ಞೆ ನಾನು ಮಾಡಿಸಿದ್ದಾ?"

ಮೆಂಬರು ನನ್ನ ಅಪ್ಪನ ಮುಖ ನೋಡಿದರು. ಅಪ್ಪ ಹೆಂಚು ಲೆಕ್ಕ ಮಾಡುವವನ ಹಾಗೆ ತಲೆಯೆತ್ತಿ ಮನೆಯ ಮಾಡನ್ನು ನೋಡುತ್ತಿದ್ದ. ಅಪ್ಪ ಶಾಂತಿಪ್ರಿಯ. ಜಗಳ ಶುರುವಾಗುತ್ತದೆ ಎಂದು ಗೊತ್ತಾದರೆ ಹಟ್ಟಿಗೆ ಹೋಗಿ ದನಕ್ಕೆ ಎರಡನೇ ಸಲ ಹುಲ್ಲು ಹಾಕುವವನು. ಆ ದಿನಗಳಲ್ಲಿ ನಮ್ಮ ದನ ಚೆನ್ನಾಗಿ ಮೈದುಂಬಿಕೊಂಡಿತ್ತು.

ಅಜ್ಜಿಯ ಮನಸ್ಸು ತಿರುಗಿಸುವುದಕ್ಕೆ ಎಲ್ಲರೂ ಪ್ರಯತ್ನಪಟ್ಟರು. ಗುಡ್ಡದ ಬುಡದ ಮನೆಗಳ ಹೆಂಗಸರು ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವವರು. ಅವರಿಗೆ ಗ್ಯಾಸ್ ಸಿಲಿಂಡರ್ ತಲೆಯ ಮೇಲೆ ಹೊತ್ತು ಸಾಕಾಗಿತ್ತು. ಅವರು ಜಗಳವಾಡಲಿಲ್ಲ, ಅದಕ್ಕಿಂತ ದೊಡ್ಡ ಶಿಕ್ಷೆ ಕೊಟ್ಟರು. ಬೀಡಿ ಕಟ್ಟುತ್ತ ತುಟಿ ಪಿಟಕ್ಕೆನ್ನದೆ ಕುಳಿತರು. ಯಾರ ಮನೆಯ ಸುದ್ದಿಯೂ ಇಲ್ಲ. ಅಜ್ಜಿ ಎರಡು ದಿನ ತಡೆದಳು. ಮೂರನೇ ದಿನ, "ಎಂತ, ಊರಿನಲ್ಲಿ ಎಲ್ಲರೂ ಸತ್ತರಾ?" ಎಂದು ರೇಗಿದಳು. ಅವರು ಬೀಡಿಯ ಎಲೆ ಕತ್ತರಿಸುತ್ತಲೇ ಇದ್ದರು. ಕಾಪುವಿನ ಅತ್ತೆ ಒಣಮೀನು ತೆಗೆದುಕೊಂಡು ಬಂದವಳು, ಅಮ್ಮಾ ಕೊಟ್ಟುಬಿಡು, ಪುಣ್ಯ ಬರುತ್ತದೆ ಎಂದಳು. ಪುಣ್ಯ ಬೇಕಾದರೆ ನಿನ್ನ ಮೀನು ಧಣಿಗಳ ಮನೆಗೆ ಕೊಟ್ಟು ಬಾ ಎಂದು ಅಜ್ಜಿ ಬಾಯಿ ಮುಚ್ಚಿಸಿದಳು. ನಾನು ರಜೆಯ ದಿನ ನೋಡಿ ನಾಲ್ಕು ಬುದ್ಧಿಮಾತು ಹೇಳಲು ಹೋದೆ. ನನ್ನ ಬೇಳೆಯೂ ಬೇಯಲಿಲ್ಲ.

ಕೊನೆಗೆ ದಾರಿ ಹುಡುಕಿದ್ದು ಮೆಂಬರೇ. ಅವರ ತಲೆ ಚುನಾವಣೆಯಲ್ಲಿ ಪಳಗಿದ ತಲೆ. ಧಣಿಗಳ ಅಂಗಾಲಿಗೆ ಮಣ್ಣು ತಾಗಬಾರದು ಅಷ್ಟೇ ತಾನೇ? ಟಿಲ್ಲರಿನ ಹಿಂದೆ ಸಾಮಾನು ಸಾಗಿಸುವ ಟ್ರೈಲರಿನ ಡಬ್ಬಿ ಕಟ್ಟಿ, ಡಬ್ಬಿಯಲ್ಲಿ ಕುರ್ಚಿ ಇಟ್ಟು, ಕುರ್ಚಿಯಲ್ಲಿ ಅವರನ್ನು ಕೂರಿಸಿ ನಮ್ಮ ಜಗಲಿಯವರೆಗೆ ತಂದುಬಿಟ್ಟರೆ? ಸುಗ್ಗಿ ಕೊಯ್ಲು ಮುಗಿದು ಗದ್ದೆ ಒಣಗಿತ್ತು. ನಡುವೆ ಅಜ್ಜಿಯ ಸೌತೆಬಳ್ಳಿಯ ಸಾಲು ಇತ್ತು ನಿಜ, ಅದನ್ನು ಬಳಸಿ ಹೋದರಾಯಿತು. ಧಣಿಗಳು ಮೂರು ದಿನ ಮೂಗು ಮುರಿದು ನಾಲ್ಕನೇ ದಿನ ಒಪ್ಪಿದರಂತೆ. ಅಜ್ಜಿಯೂ ಒಪ್ಪಿದಳು. "ಕುರ್ಚಿಯಲ್ಲಿ ಬರಲಿ, ಪಲ್ಲಕ್ಕಿಯಲ್ಲಿ ಬರಲಿ, ಬಂದರೆ ಸಾಕು" ಎಂದಳು. ಅಷ್ಟು ಸುಲಭದಲ್ಲಿ ಒಪ್ಪಿದಾಗಲೇ ನಾವು ಎಚ್ಚರವಾಗಬೇಕಿತ್ತು.

ಆ ಭಾನುವಾರ ಬೆಳಗ್ಗೆ ನಾನು ಎದ್ದಾಗ ತೋಡಿನ ಬದಿಯ ಪಂಪಿನ ಶಬ್ದ ಕೇಳುತ್ತಿತ್ತು. ಅಜ್ಜಿ ಗದ್ದೆಯಲ್ಲಿ ಹಾರೆ ಹಿಡಿದು ನೀರು ತಿರುಗಿಸುತ್ತಿದ್ದಳು. ಸೌತೆಬಳ್ಳಿಗೆ ಬಿಟ್ಟದ್ದು ಅಂತ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ನೀರು ಸೌತೆಯ ಸಾಲು ದಾಟಿ ಆಚೆಗೂ ಹೋಗಿತ್ತು ಅಂತ ಗೊತ್ತಾದದ್ದು ಆಮೇಲೆ.

ಹತ್ತು ಗಂಟೆಯ ಹೊತ್ತಿಗೆ ಮೆರವಣಿಗೆ ಹೊರಟಿತು. ಟಿಲ್ಲರ್ ಓಡಿಸುವವನು ಗದಗದ ಕಡೆಯವನು. ಕಾರ್ಕಳದಲ್ಲಿ ಮನೆ ಕಟ್ಟುವ ಕೆಲಸಕ್ಕೆ ಬಂದು ಹೆಂಡತಿಯ ಜೊತೆ ಇಲ್ಲೇ ನಿಂತವನು. ಅವನಿಗೆ ತುಳು ಬಾರದು, ಬಾಕಿಮಾರಿನ ಕಥೆಯಂತೂ ಒಂದಕ್ಷರ ಗೊತ್ತಿಲ್ಲ. ಮುದುಕರೊಬ್ಬರನ್ನು ಗದ್ದೆ ದಾಟಿಸಬೇಕು ಎಂದಷ್ಟೇ ಮೆಂಬರು ಅವನಿಗೆ ಹೇಳಿದ್ದು. ಡಬ್ಬಿಯಲ್ಲಿ ಮದುವೆ ಮಂಟಪದಿಂದ ತಂದ ಕೆಂಪು ಪ್ಲಾಸ್ಟಿಕ್ ಕುರ್ಚಿ. ಅದರ ಮೇಲೆ ಧಣಿಗಳು, ಬಿಳಿ ಪಂಚೆ, ಜರಿ ಶಲ್ಯ, ಕಾಲು ಎರಡೂ ಡಬ್ಬಿಯ ತಗಡಿನ ಮೇಲೆ. ಪಕ್ಕದಲ್ಲಿ ಮೆಂಬರು ಕೊಡೆ ಹಿಡಿದು ನಡೆಯುತ್ತಿದ್ದರು. ಹಿಂದೆ ಮಗ, ಸೊಸೆ, ಹೆಂಡತಿ, ಬೀಡಿಯ ಹೆಂಗಸರು, ನಾಯಿ. ಆ ವರ್ಷ ಊರಿನಲ್ಲಿ ಅದಕ್ಕಿಂತ ದೊಡ್ಡ ಜಾತ್ರೆ ಆಗಲಿಲ್ಲ.

ಅರ್ಧ ಗದ್ದೆ ದಾಟಿ ಟಿಲ್ಲರ್ ನಿಂತಿತು. ಮೇಲಿನಿಂದ ಒಣಗಿದ ಹಾಗೆ ಕಾಣುತ್ತಿದ್ದ ನೆಲ ಒಳಗೆ ಗಂಜಿಯಾಗಿತ್ತು. ಚಕ್ರ ಗರಗರ ತಿರುಗಿ ಇನ್ನೂ ಒಳಗೆ ಇಳಿಯಿತು. ಮೆಂಬರಿನ ಇಸ್ತ್ರಿ ಪಂಚೆಗೆ ಕೆಸರಿನ ಅಭಿಷೇಕವಾಯಿತು. ಡಬ್ಬಿ ಒಂದು ಕಡೆಗೆ ವಾಲಿ, ಧಣಿಗಳು ಕುರ್ಚಿಯ ಎರಡೂ ಕೈ ಹಿಡಿದುಕೊಂಡರು.

"ಇಳೀರಿ ಯಜಮಾನ್ರ," ಎಂದ ಗದಗದವನು. "ಭಾರ ಆಗೇತಿ. ನೀವು ಇಳದ್ರ ಗಾಡಿ ಎತ್ತತೀನಿ."

ಧಣಿಗಳು ಇಳಿಯಲಿಲ್ಲ. ಇಳಿದರೆ ಪಾದ ಎಲ್ಲಿಗೆ ಹೋಗುತ್ತದೆ ಅಂತ ಅಲ್ಲಿದ್ದ ನಾಯಿಗೂ ಗೊತ್ತಿತ್ತು, ಅವನೊಬ್ಬನಿಗೆ ಬಿಟ್ಟು. ಅವರಿಗೆ ಸಿಟ್ಟು ನೆತ್ತಿಗೇರಿತು. ತುಳುವಿನಲ್ಲಿ ಗಟ್ಟಿಯಾಗಿ ಕೂಗಿದರು: "ಯಾರದು, ನನ್ನ ಬಾಕಿಮಾರಿಗೆ ಹೊತ್ತಲ್ಲದ ಹೊತ್ತಿನಲ್ಲಿ ನೀರು ಬಿಟ್ಟದ್ದು?"

ಅಜ್ಜಿ ಅಷ್ಟು ಹೊತ್ತು ಜಗಲಿಯಲ್ಲಿ ನಿಂತು ನೋಡುತ್ತಿದ್ದಳು. ಒಳ್ಳೆಯ ಸೀರೆ ಉಟ್ಟಿದ್ದಳು. ಒಳಗೆ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ಎಲ್ಲ ತಯಾರಿತ್ತು. "ನನ್ನ ಬಾಕಿಮಾರು" ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳ ಮುಖದ ನಗು ಹೋಯಿತು. ತಿರುಗಿ ಒಳಗೆ ಹೋಗಲಿಕ್ಕೆ ಹೊರಟಳು.

"ಅಮ್ಮಾ, ಬೇಡಮ್ಮಾ," ಎಂದ ಅಪ್ಪ. ಹಟ್ಟಿಗೆ ಓಡದೆ ಅವಳ ದಾರಿಗೆ ಅಡ್ಡ ನಿಂತದ್ದು ಅವನ ಜೀವಮಾನದಲ್ಲಿ ಅದೊಂದೇ ಸಲ. "ವಯಸ್ಸಾಗಿದೆ. ಬಾಯಿತಪ್ಪಿ ಬಂತು."

"ಬಾಯಿತಪ್ಪಿ ಬಂದದ್ದಲ್ಲ ಅದು. ಅವರ ಹೊಟ್ಟೆಯಲ್ಲಿ ಇರುವುದೇ ಅದು. ನಾಳೆ ರಸ್ತೆ ಆದರೆ ಅದೂ ಅವರದ್ದೇ. ಅವರ ಬಾಕಿಮಾರಿನಲ್ಲಿ ಅವರ ರಸ್ತೆ. ನನ್ನದೆಂತ ಉಂಟು ಅದರಲ್ಲಿ?"

ನನಗೆ ಆ ಕ್ಷಣ ನಿಜವಾಗಿ ಹೆದರಿಕೆಯಾಯಿತು. ಅಜ್ಜಿ ಬಾಗಿಲು ಹಾಕಿಕೊಂಡರೆ ಮತ್ತೆ ತೆರೆಸುವವರು ಯಾರೂ ಇಲ್ಲ. ರಸ್ತೆ ಹೋದ ಹಾಗೆಯೇ. ಬಿಸಿಲಿನಲ್ಲಿ ಕುಳಿತ ಆ ಮುದುಕರೂ ಚಾವಡಿಯಿಂದ ಇನ್ನು ಹೊರಬರುವುದಿಲ್ಲ.

ಆಗ ಗದಗದವನು ಬೆವರು ಒರೆಸಿಕೊಂಡು ಕೇಳಿದ: "ಇದು ಯಾರ ಹೊಲರೀ? ಅವರ್ನ ಕರೀರಿ. ಎರಡು ಹಲಗಿ ಕೊಟ್ರ ಚಕ್ರದ ಕೆಳಗ ಹಾಕೂಣು."

ಕನ್ನಡದಲ್ಲಿ ಕೇಳಿದ. ಅದು ಮುಖ್ಯ. ನಮ್ಮ ಊರಿನಲ್ಲಿ ಕನ್ನಡ ಎಂದರೆ ಶಾಲೆಯ ಭಾಷೆ, ಕಚೇರಿಯ ಭಾಷೆ, ಟ್ರಿಬ್ಯೂನಲಿನಲ್ಲಿ ವಿಚಾರಣೆ ನಡೆದ ಭಾಷೆ. ತುಳುವಿನಲ್ಲಿ ನೂರು ಬೈಯಬಹುದು, ನೂರು ಕೊಚ್ಚಿಕೊಳ್ಳಬಹುದು, ಮನೆಯೊಳಗಿನ ಮಾತು ಅಂತ ಬಿಟ್ಟುಬಿಡಬಹುದು. ಹೊರಗಿನವನೊಬ್ಬ ಎದುರಿಗೆ ನಿಂತು ಕನ್ನಡದಲ್ಲಿ ಕೇಳಿದರೆ ಹೇಳುವ ಉತ್ತರ ಮಾತ್ರ ಸಹಿ ಹಾಕಿಕೊಟ್ಟ ಹಾಗೆ. ಬೀಡಿಯ ಹೆಂಗಸರೂ ಧಣಿಗಳ ಮುಖವನ್ನೇ ನೋಡುತ್ತಿದ್ದರು. ಮೆಂಬರು ಏನೋ ಹೇಳಲಿಕ್ಕೆ ಬಾಯಿ ತೆರೆದರು.

"ನೀವು ಸುಮ್ಮನಿರಿ," ಎಂದಳು ಅಜ್ಜಿ. ಹೊಸ್ತಿಲಿನಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. "ಕೇಳಿದ್ದು ಧಣಿಗಳನ್ನು."

ಧಣಿಗಳು ಗದಗದವನನ್ನು ನೋಡಿದರು, ತಮ್ಮ ಮನೆಯನ್ನು ನೋಡಿದರು, ಕೆಸರು ನೋಡಿದರು. ಅವರ ಹೆಂಡತಿ ಹಿಂದಿನಿಂದ, "ಹೇಳಿಬಿಡಿ, ನನಗೆ ಅಡುಗೆ ಉಂಟು," ಎಂದರು. ಕೊನೆಗೆ ತಗ್ಗಿದ ಸ್ವರದಲ್ಲಿ, ಶಾಲೆಯಲ್ಲಿ ಪಾಠ ಒಪ್ಪಿಸುವಂಥ ಸ್ವಚ್ಛ ಕನ್ನಡದಲ್ಲಿ ಅವರು ಹೇಳಿದರು: "ಈ ಗದ್ದೆ, ಅಗೋ, ಅಲ್ಲಿ ಬಾಗಿಲಿನಲ್ಲಿ ನಿಂತಿದ್ದಾಳಲ್ಲ, ಅವಳದ್ದು."

"ಎಂತ?" ಎಂದಳು ಅಜ್ಜಿ. "ಕೇಳಲಿಲ್ಲ ಧಣಿಗಳೇ. ಗಾಳಿ ಉಂಟು."

ಒಂದು ಎಲೆ ಅಲುಗುತ್ತಿರಲಿಲ್ಲ. ಹಟ್ಟಿಯಲ್ಲಿ ದನ ಬಾಲ ಎತ್ತಿದರೆ ಕೇಳುವ ಕಿವಿ ಅಜ್ಜಿಯದ್ದು.

"ಗದ್ದೆ ಅವಳದ್ದು!" ಎಂದು ಧಣಿಗಳು ಗುಡ್ಡಕ್ಕೆ ಕೇಳುವ ಹಾಗೆ ಕೂಗಿದರು. "ಯಜಮಾನಿ ಅವಳು! ಸಾಕಾ ಮಾರಾಯ್ತಿ, ಇನ್ನು ಡಂಗುರ ಹೊಡೆಸಬೇಕಾ?"

"ಹಂಗಂದ್ರ ಅವ್ವಾರ, ಎರಡು ಹಲಗಿ ಕೊಡ್ರಿ," ಎಂದ ಗದಗದವನು, ಅಷ್ಟೇನೂ ದೊಡ್ಡ ವಿಷಯ ನಡೆದಿಲ್ಲ ಎಂಬಂತೆ.

ಅಜ್ಜಿ ಹಲಗೆ ಕೊಡಲಿಲ್ಲ. ಕೊಟ್ಟಿಗೆಯ ಅಟ್ಟದಿಂದ ಅಡಿಕೆ ಹಾಳೆಯ ಒಂದು ಕಟ್ಟು ತೆಗೆಸಿ ತಾನೇ ಗದ್ದೆಗೆ ಇಳಿದಳು. ಡಬ್ಬಿಯ ಕೆಳಗೆ ಎರಡು ಹಾಳೆ ಹಾಸಿ, "ಇಳಿಯಿರಿ ಧಣಿಗಳೇ. ಮಣ್ಣು ತಾಗುವುದಿಲ್ಲ," ಎಂದಳು. ಅಪ್ಪ ಒಂದು ಕೈ ಹಿಡಿದ. ಧಣಿಗಳು ಇನ್ನೊಂದು ಕೈಯನ್ನು ಎಲ್ಲಿ ಇಡುವುದು ಅಂತ ಗೊತ್ತಾಗದೆ ಗಾಳಿಯಲ್ಲಿ ಆಡಿಸಿ, ಆಮೇಲೆ ಅಜ್ಜಿಯ ಹೆಗಲ ಮೇಲೆ ಇಟ್ಟರು. ಅಜ್ಜ ಮುಡಿ ಹೊರುತ್ತಿದ್ದ ಕಾಲದಲ್ಲಿ ಆ ಕೈ ಆ ಹೆಗಲನ್ನು ಮುಟ್ಟುವ ಪ್ರಶ್ನೆಯೇ ಇರಲಿಲ್ಲ. ಅದರ ನಡುವೆಯೂ ನನಗೆ ನಗು ಬಂತು. ಯಾಕೆಂದರೆ ಇದ್ದ ಹಾಳೆ ಜಗಲಿಯವರೆಗೆ ಸಾಲುವಷ್ಟು ಇರಲಿಲ್ಲ. ದಾಟಿದ ಹಾಳೆಯನ್ನು ಹಿಂದಿನಿಂದ ಎತ್ತಿ ಮುಂದೆ ಹಾಸಬೇಕು. ಆ ಕೆಲಸವನ್ನು ಅಜ್ಜಿ ಮೆಂಬರಿಗೆ ವಹಿಸಿದಳು. "ರಸ್ತೆ ಮಾಡುವವರು ನೀವೇ ಅಲ್ವಾ," ಎಂದಳು. ಪಂಚೆ ಎತ್ತಿ ಕಟ್ಟಿ, ಬಗ್ಗಿ ಬಗ್ಗಿ ಹಾಳೆ ಹಾಸುತ್ತ ಮೆಂಬರು ಮುಂದೆ ಹೋದರು. ಹಿಂದೆ ಧಣಿಗಳು ಹೆಜ್ಜೆಯಿಟ್ಟರು. ಆ ಮನುಷ್ಯ ತನ್ನ ಅವಧಿಯಲ್ಲಿ ಸ್ವಂತ ಕೈಯಿಂದ ಮಾಡಿದ ರಸ್ತೆ ಅದೊಂದೇ.

ಜಗಲಿಗೆ ಇನ್ನು ನಾಲ್ಕು ಹೆಜ್ಜೆ ಇರುವಾಗ ಒಂದು ಹಾಳೆ ಜಾರಿತು. ಧಣಿಗಳ ಎಡಗಾಲಿನ ಹಿಮ್ಮಡಿ ಸರಿಯಾಗಿ ಕೆಸರಿಗೆ ಹೋಯಿತು. ನಾನು ನೋಡಿದೆ. ಬೀಡಿಯ ಹೆಂಗಸರೆಲ್ಲ ನೋಡಿದರು. ಧಣಿಗಳು ಕಲ್ಲಿನಂತೆ ನಿಂತುಬಿಟ್ಟರು, ಮುಖ ಬಿಳಿಚಿಕೊಂಡಿತು. ದೈವದ ಎದುರು ಹೇಳಿದ ಮಾತು.

ಅಜ್ಜಿ ಸಟ್ಟನೆ ಬಗ್ಗಿ ಸೆರಗಿನಿಂದ ಆ ಹಿಮ್ಮಡಿ ಒರೆಸಿದಳು. "ಹಾಳೆಯ ಕೊಳೆ. ಮಳೆಗಾಲದಿಂದ ಅಟ್ಟದಲ್ಲಿ ಬಿದ್ದಿದ್ದ ಹಾಳೆ," ಎಂದಳು. ಆಮೇಲೆ ಎದ್ದು ಸುತ್ತ ಒಮ್ಮೆ ಕಣ್ಣು ಹಾಯಿಸಿದಳು. "ಮಣ್ಣು ತಾಗಿದ್ದನ್ನು ಯಾರಾದರೂ ಕಂಡಿರಾ?"

ಯಾರೂ ಕಂಡಿರಲಿಲ್ಲ. ಅಷ್ಟು ಜನ, ಅಷ್ಟು ಕಣ್ಣು, ಒಬ್ಬರೂ ಕಂಡಿರಲಿಲ್ಲ. ಆ ಪ್ರಾಧ್ಯಾಪಕರಿಗೆ ನಾನು ಹೇಳಬೇಕೆಂದಿದ್ದ ಮಾತು ಇದೇ. ಭೂಮಿ ಬೇಕು, ರಸ್ತೆಯೂ ಬೇಕು. ಆದರೆ ಕಂಡದ್ದನ್ನು ಕಂಡಿಲ್ಲ ಅಂತ ಊರಿಗೆ ಊರೇ ಒಪ್ಪುವ ಒಂದು ಗಳಿಗೆಯೂ ಬೇಕು.

ಜಗಲಿಯಲ್ಲಿ ಧಣಿಗಳು ಬೆಲ್ಲ ಕಚ್ಚಿ ತಂಬಿಗೆಯ ನೀರು ಪೂರ್ತಿ ಕುಡಿದರು. ಶಲ್ಯದಿಂದ ಬಾಯಿ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ, "ನಿನ್ನ ಗದ್ದೆಯಲ್ಲಿ ಒಂದು ಜೀಪು ಹೋಗುವಷ್ಟು ಜಾಗ ಬೇಕಿತ್ತು," ಎಂದರು.

"ಜೀಪು ಎಂತಕ್ಕೆ?" ಎಂದಳು ಅಜ್ಜಿ. "ಲಾರಿ ಹೋಗುವಷ್ಟು ತೆಗೆದುಕೊಳ್ಳಿ. ಎದುರಿನಿಂದ ಒಂದು ರಿಕ್ಷಾ ಬಂದರೆ ಅದು ಎಲ್ಲಿಗೆ ಹೋಗಬೇಕು, ನನ್ನ ಸೌತೆಗಾ?"

ಮೆಂಬರು ಕೆಸರು ಕೈಯಲ್ಲೇ ಕಾಗದ ತೆಗೆಯಲು ಹೊರಟರು. ಅಪ್ಪ ಅವರನ್ನು ಬಾವಿಕಟ್ಟೆಗೆ ಕರೆದುಕೊಂಡು ಹೋದ.

ಧಣಿಗಳನ್ನು ಅಂಚಿನ ಮೇಲಿಂದ ಕುರ್ಚಿಯಲ್ಲೇ ಹೊತ್ತು ಮನೆಗೆ ಮುಟ್ಟಿಸಿದರು. ಈ ಸಲ ಅವರು ಹೆಣದ ಮಾತು ಎತ್ತಲಿಲ್ಲ. ಎಲ್ಲರೂ ಹೋದ ಮೇಲೆ ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕುಳಿತು ವೀಳ್ಯದ ತಟ್ಟೆ ಎಳೆದುಕೊಂಡಳು. ನಾನು ಹತ್ತಿರ ಹೋಗಿ ಕುಳಿತೆ.

"ಬೆಳಗ್ಗೆ ನೀರು ಬಿಟ್ಟದ್ದು ಬೇಕೆಂತಲೇ ಅಲ್ವಾ, ಅಜ್ಜಿ?"

"ಸೌತೆಗೆ ಬಾಯಾರಿತ್ತು."

"ಸರಿ. ಜಾಗ ಕೊಡುವುದು ಅಂತ ಮೊದಲೇ ನಿಶ್ಚಯ ಮಾಡಿದ್ದಿಯಾ?"

"ಮೆಂಬರು ಬಂದು ಚಹಾ ಕುಡಿದ ದಿನವೇ ಮಾಡಿದ್ದೆ. ಆ ಮನೆಗಳ ಹೆಂಗಸರು ಸಿಲಿಂಡರ್ ಹೊರುವುದು ನನಗೆ ಕಾಣುವುದಿಲ್ಲವಾ?"

"ಮತ್ತೆ ಇಷ್ಟೆಲ್ಲ ಕುಣಿಸಿದ್ದು ಯಾಕೆ?"

ಅಜ್ಜಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು. ಅವಳ ಕಣ್ಣು ತುಂಬಿದ್ದು ನಾನು ನೋಡಿದ್ದು ಅಪರೂಪ.

"ನಿನ್ನ ಅಜ್ಜ ಸತ್ತದ್ದು ಬೇರೆಯವರ ಗದ್ದೆ ಕಿತ್ತುಕೊಂಡವನು ಅಂತ ಹೇಳಿಸಿಕೊಂಡು. ನನ್ನದು ಅಂತ ಅವರ ಬಾಯಲ್ಲೇ ಬಾರದೆ ನಾನು ಕೊಟ್ಟಿದ್ದರೆ, ಅವರದ್ದನ್ನು ಅವರಿಗೆ ವಾಪಸ್ ಕೊಟ್ಟ ಹಾಗೆ ಆಗುತ್ತಿತ್ತು ಮಗಾ. ಈಗ ಕೊಟ್ಟದ್ದು ನನ್ನದನ್ನು."

ಎಲೆ ಮಡಚಿ ಬಾಯಿಗಿಟ್ಟು, ಟಿಲ್ಲರಿನ ಚಕ್ರಕ್ಕೆ ಎಷ್ಟು ಬಳ್ಳಿ ಸಿಕ್ಕಿತು ಅಂತ ನೋಡಲಿಕ್ಕೆ ಗದ್ದೆಗೆ ಇಳಿದಳು.